ಕೊನೆಗೆ ಬಂದ ಮರಿಗೆ ಏಳಿಗೆ ಇಲ್ಲವೇ?

ನಾಟಿ ಕೋಳಿ ಸಾಕುವವರ ಪ್ರಶ್ನೆಗಳಿಗೆ ತೀರ್ಥಹಳ್ಳಿ ಸೀಮೆಯ ಕೋಳಿ ಸಾಕಣೆಗಾರ್ತಿಯ ಉತ್ತರ

ಪ್ರಶ್ನೆ: ಅಕ್ಕಾ, ನಾನು ರಿಪ್ಪನ್‌ಪೇಟೆ ಹತ್ತಿರದವನು. ಈ ವರ್ಷ 60 ಮೊಟ್ಟೆ ಹಿಡಿಯುವ, ಕಾವು ಕೊಡುವ ಸಣ್ಣ ಮಷೀನು, ಇನ್‌ಕ್ಯುಬೇಟರ್ ತಂದೆ. ಆರಿದ್ರಾ ಮಳೆ ಹಿಡಿದ ವಾರ 52 ನಾಟಿ ಮೊಟ್ಟೆ ಇಟ್ಟೆ. ನಡುವೆ ಎರಡು ರಾತ್ರಿ ಕರೆಂಟು ಹೋಗಿತ್ತು. 20ನೇ ದಿನ ಸಂಜೆ ಮೊದಲ ಮರಿ ಬಂತು, 22ನೇ ದಿನ ಮಧ್ಯಾಹ್ನ ಕೊನೆಯದು. ಒಟ್ಟು 38. ಒಣಗಿದ ಹಾಗೆಲ್ಲ ತೆಗೆದು ಒಂದೇ ಬಲ್ಬಿನ ಕೆಳಗೆ ಬಿಟ್ಟೆ. ಈಗ ಮೂರು ವಾರ. ಕೊನೆಗೆ ಬಂದ 9 ಮರಿ ಸಣ್ಣಕ್ಕಿವೆ, ಮೂಲೆ ಹಿಡಿದು ನಿಲ್ಲುತ್ತವೆ, ಕೈ ಹಾಕಿದರೂ ಓಡುವುದಿಲ್ಲ. ‘ಕೊನೇ ಮರಿ ಏಳಿಗೆ ಆಗಲ್ಲ, ಕಳೆದುಬಿಡು’ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ. ನಿಜವೇ?

ಉತ್ತರ: ಕಳೆಯಬೇಡಿ. ಆ ಒಂಬತ್ತನ್ನು ಇವತ್ತೇ ಬೇರೆ ಗೂಡಿಗೆ ಹಾಕಿ, ಅವಕ್ಕೇ ಅಂತ ಮೇವು ನೀರು ಇಡಿ. ಆಮೇಲೆ ಕೂತು ಇದನ್ನು ಓದಿ.

ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ‘ಒಂದೇ ಬಲ್ಬಿನ ಕೆಳಗೆ’ ಅನ್ನುವ ಮಾತು. 20ರ ಸಂಜೆಯಿಂದ 22ರ ಮಧ್ಯಾಹ್ನಕ್ಕೆ ನಲವತ್ತು ಗಂಟೆ ಮೀರುತ್ತದೆ. ನಮಗೆ ಅದು ಎರಡು ದಿನವೂ ಅಲ್ಲ, ಮರಿಗೆ ಅದು ಒಂದು ಕಾಲ. ಮೊದಲು ಬಂದದ್ದು ಅಷ್ಟರಲ್ಲಿ ನೀರು ಕುಡಿಯಲು ಕಲಿತಿತ್ತು, ನುಚ್ಚು ಹೆಕ್ಕಲು ಕಲಿತಿತ್ತು, ಬೆಚ್ಚಗಿನ ಜಾಗ ಯಾವುದೆಂದು ಗೊತ್ತುಮಾಡಿಕೊಂಡಿತ್ತು. ಕೊನೆಯದು ಹಸಿ ಮೈ ಆರಿ ಕಣ್ಣು ಬಿಡುವ ಹೊತ್ತಿಗೆ ಸುತ್ತ ಕಾಲು ಗಟ್ಟಿಯಾದ 29 ಮರಿಗಳು. ಆ ವಯಸ್ಸಿನ ಮರಿಗೆ ಹೊಳೆಯುವುದೆಲ್ಲ ಕಾಳೇ, ಹೊಸ ಮರಿಯ ಕಣ್ಣನ್ನೂ ಕಾಲ್ಬೆರಳನ್ನೂ ಕುಟುಕಿ ನೋಡುತ್ತವೆ. ನಿದ್ದೆ ಬೇಕಾದ ದಿನ ಪೆಟ್ಟು ತಿಂದ ಮರಿ ಮೂಲೆ ಹಿಡಿಯದೆ ಇನ್ನೇನು ಮಾಡೀತು? ಕೈ ಹಾಕಿದರೂ ಓಡುವುದಿಲ್ಲ ಎಂದಿದ್ದೀರಿ. ಅದು ಸಾಧುತನವಲ್ಲ, ಹೆದರಿಕೆ. ಹದ್ದಿನ ನೆರಳು ಬಿದ್ದಾಗ ಮರಿ ಇದ್ದಲ್ಲೇ ಕಲ್ಲಾಗುವುದನ್ನು ನೋಡಿರುತ್ತೀರಲ್ಲ, ಅದೇ ಇದು.

ಇನ್ನೊಂದು ವಿಷಯ. ಕೊನೆಯ ಮರಿಗಳು ಹುಟ್ಟುತ್ತಲೇ ಸಣ್ಣವಾಗಿದ್ದವು ಎಂದು ನಿಮಗೆ ಅನ್ನಿಸಿರಬಹುದು. 22ನೇ ದಿನ ತಕ್ಕಡಿಯಲ್ಲಿ ಇಟ್ಟಿದ್ದರೆ ಹಾಗೆ ಕಾಣುತ್ತಿರಲಿಲ್ಲ. ಮರಿ ಹುಟ್ಟುವಾಗಿನ ತೂಕ ಹೆಚ್ಚುಕಡಿಮೆ ಮೊಟ್ಟೆಯ ತೂಕದ ಮೂರರಲ್ಲಿ ಎರಡು ಪಾಲು. 40 ಗ್ರಾಂ ಮೊಟ್ಟೆಗೆ 27 ಗ್ರಾಂ ಆಸುಪಾಸಿನ ಮರಿ. ಮೊಟ್ಟೆ ಎಷ್ಟು ದೊಡ್ಡದೋ ಮರಿ ಅಷ್ಟು, ಮೊದಲೋ ಕೊನೆಯೋ ಅನ್ನುವುದು ಅಲ್ಲಿ ದೊಡ್ಡ ಮಾತಲ್ಲ. ಮೇವಿಲ್ಲದೆ ಎಲ್ಲವನ್ನೂ ಮಷೀನಿನಲ್ಲೇ ಬಿಟ್ಟು ಕೊನೆಗೆ ಒಟ್ಟಿಗೆ ತೂಗಿದರೆ ಮೊದಲು ಬಂದದ್ದೇ ಹಗುರ, ಯಾಕೆಂದರೆ ಕಾದಷ್ಟು ಹೊತ್ತೂ ಅದರ ಮೈನೀರು ಆರುತ್ತಿರುತ್ತದೆ.

ಇದನ್ನು ನಾನು ನೋವುಂಡು ಕಲಿತೆ. ಮೊದಲ ಸಲ ಮಷೀನು ತಂದಾಗ ‘ಎಲ್ಲ ಒಡೆಯುವವರೆಗೆ ಮುಚ್ಚಳ ತೆಗೆಯಬೇಡ, ಮರಿಗೆ ಮೂರು ದಿನ ಊಟ ಬೇಡ’ ಎಂದು ಒಬ್ಬರು ಹೇಳಿದ್ದರು. ಮಾತಿನಲ್ಲಿ ಅರ್ಧ ಸತ್ಯವಿದೆ. ಹೊರಬರುವ ಮುಂಚೆ ಮರಿ ಮೊಟ್ಟೆಯ ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ, ಎರಡು ಮೂರು ದಿನ ಅದರ ಮೇಲೆ ಜೀವ ಹಿಡಿಯಬಲ್ಲದು. ಆದರೆ ಜೀವ ಹಿಡಿಯುವುದು ಬೇರೆ, ಬೆಳೆಯುವುದು ಬೇರೆ. ಹೊಟ್ಟೆಗೆ ಮೇವು ಬಿದ್ದ ಮರಿ ಆ ಹಳದಿಯನ್ನು ಬೇಗ ಕರಗಿಸಿಕೊಳ್ಳುತ್ತದೆ, ಅದರ ಕರುಳೂ ಬೇಗ ಬಲಿಯುತ್ತದೆ. ನಾನು ಮುಚ್ಚಳ ತೆಗೆದಾಗ ಮೊದಲು ಹುಟ್ಟಿದ ಮೂರು ಮರಿಗಳ ಕಾಲು ಒಣ ಕಡ್ಡಿಯಂತಾಗಿತ್ತು, ಚರ್ಮ ಮೂಳೆಗೆ ಅಂಟಿತ್ತು. ಬೆಲ್ಲದ ನೀರು ಹನಿಹನಿ ಬಿಟ್ಟೆ. ಒಂದು ಉಳಿಯಿತು. ಉಳಿದೆರಡನ್ನು ಅಡಿಕೆ ತೋಟದ ಅಂಚಿನಲ್ಲಿ ಮಣ್ಣು ಮಾಡಿದ್ದು ಈಗಲೂ ಕಣ್ಣಲ್ಲಿದೆ. ಎಲ್ಲರೂ ಕೊನೇ ಮರಿಯ ಗತಿ ಕೇಳುತ್ತಾರೆ, ಮಷೀನಿನಲ್ಲಿ ನಿಜವಾಗಿ ನವೆಯುವುದು ಎಷ್ಟೋ ಸಲ ಮೊದಲ ಮರಿ.

ಇನ್ನು ಯಾಕೆ ತಡವಾಯಿತು ಅನ್ನುವುದು. ಏಳಿಗೆ ಇದೆಯೋ ಇಲ್ಲವೋ ಎಂಬುದು ಬಹಳಮಟ್ಟಿಗೆ ಅಲ್ಲಿದೆ. ಮೊಟ್ಟೆಯನ್ನು ಎಷ್ಟು ದಿನ ಕೂಡಿಟ್ಟಿದ್ದಿರಿ? ಕೂಡಿಟ್ಟ ಒಂದೊಂದು ದಿನಕ್ಕೂ ಮರಿ ಸುಮಾರು ಒಂದು ಗಂಟೆ ತಡವಾಗುತ್ತದೆ, ವಾರ ದಾಟಿದರೆ ಒಡೆಯುವ ಮೊಟ್ಟೆಯೇ ಕಡಿಮೆಯಾಗುತ್ತದೆ. ಹತ್ತು ಹನ್ನೆರಡು ದಿನ ಅಕ್ಕಿ ಡಬ್ಬದಲ್ಲಿ ಕೂತ ಮೊಟ್ಟೆಯೂ ನಿನ್ನೆಯ ಮೊಟ್ಟೆಯೂ ಒಂದೇ ಗಳಿಗೆಗೆ ಒಡೆಯಲಿ ಎಂದರೆ ಆಗುವುದಿಲ್ಲ. ದೊಡ್ಡ ಮೊಟ್ಟೆಗೆ ಹೊತ್ತು ಹೆಚ್ಚು ಬೇಕು. ಮಷೀನಿನ ಮೂಲೆಯಲ್ಲಿ ಕಾವು ಕಡಿಮೆ ಇದ್ದರೆ ಅಲ್ಲಿನವು ಹಿಂದೆ ಬೀಳುತ್ತವೆ. ಜೊತೆಗೆ ನಿಮ್ಮ ಎರಡು ರಾತ್ರಿಯ ಕರೆಂಟು. ಬೇಕಾದ ಕಾವು 37.5ರಿಂದ 37.8 ಡಿಗ್ರಿ. ಹೇಂಟೆಯೂ ದಿನಕ್ಕೊಮ್ಮೆ ಮೇಯಲು ಎದ್ದುಹೋಗುತ್ತದೆ, ಸ್ವಲ್ಪ ಹೊತ್ತು ತಣಿದರೆ ಮೊಟ್ಟೆ ಕೆಡುವುದಿಲ್ಲ. ರಾತ್ರಿಯಿಡೀ ತಣಿದರೆ ಒಳಗಿನ ಬೆಳವಣಿಗೆ ನಿಧಾನವಾಗುತ್ತದೆ.

ಕಾವು ಸಾಲದೆ ತಡವಾದ ಮರಿಯ ಹೊಟ್ಟೆ ಉಬ್ಬಿ ಮೆತ್ತಗಿರುತ್ತದೆ, ಕಾಲಲ್ಲಿ ಬಲವಿರುವುದಿಲ್ಲ. ಕಾವು ಹೆಚ್ಚಾಗಿ ಬೇಗ ಬಂದದ್ದು ಇದಕ್ಕೆ ತಿರುಗುಮುರುಗು, ಮೈ ಸಣ್ಣ, ಹೊಕ್ಕುಳು ಕೂಡಿರುವುದಿಲ್ಲ, ಅದರಲ್ಲಿ ನಂಜಾಗುತ್ತದೆ. ನಿಮ್ಮ ಒಂಬತ್ತೂ ಮೂರು ವಾರ ದಾಟಿವೆ, ಅಂದಮೇಲೆ ಆ ಗಂಡಾಂತರ ಕಳೆದಿದೆ. ಈಗ ಅವಕ್ಕೆ ಬೇಕಾದದ್ದು ತಳ್ಳಾಟವಿಲ್ಲದ ಊಟ. ಮರಿಗಳಿಗೆಂದೇ ಸಿಗುವ ಸ್ಟಾರ್ಟರ್ ಮೇವು ಕೊಡಿ, ಬರೀ ನುಚ್ಚು ಸಾಲದು. ನಮ್ಮ ಮಳೆಗಾಲದ ಥಂಡಿಗೆ ಈ ವಯಸ್ಸಿನಲ್ಲೂ ರಾತ್ರಿ ಬಲ್ಬು ಬೇಕು. ಎಲ್ಲ ಒಂದರ ಮೇಲೊಂದು ಗುಪ್ಪೆಯಾದರೆ ಚಳಿ, ಬಾಯಿ ತೆರೆದು ದೂರ ನಿಂತರೆ ಸೆಖೆ. ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿದೆಯಾ ಕೈಯಲ್ಲಿ ಹಿಂಡಿ ನೋಡಿ. ಹಿಕ್ಕೆಯಲ್ಲಿ ರಕ್ತ ಕಂಡರೆ, ರೆಕ್ಕೆ ಜೋತುಬಿಟ್ಟರೆ, ಅದು ತಡವಾಗಿ ಹುಟ್ಟಿದ್ದರ ದೋಷವಲ್ಲ, ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಇರಬಹುದು. ಅದೇ ದಿನ ಪಶು ಆಸ್ಪತ್ರೆಗೆ ತೋರಿಸಿ.

ಮುಂದಿನ ಸಲ ಹೀಗೆ ಮಾಡಿ. 18ನೇ ದಿನ ಮೊಟ್ಟೆ ತಿರುಗಿಸುವುದು ನಿಲ್ಲಿಸಿ, ಎಲ್ಲವನ್ನೂ ಒಂದಕ್ಕೊಂದು ತಾಗಿಸಿ ಇಡಿ. ಚಿಪ್ಪಿನೊಳಗೆ ಉಸಿರಾಟ ಶುರುವಾದ ಮೇಲೆ ಮರಿ ಸಣ್ಣಗೆ ಟಿಕ್ ಟಿಕ್ ಸದ್ದು ಮಾಡುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಮಾರ್ಗರೆಟ್ ವಿನ್ಸ್ ಎಂಬ ವಿಜ್ಞಾನಿ ಲಾವಕ್ಕಿಯ ಜಾತಿಯ ಹಕ್ಕಿಗಳ ಮೊಟ್ಟೆಗಳಲ್ಲಿ ಇದನ್ನು ಪರೀಕ್ಷಿಸಿ, ಒಂದಕ್ಕೊಂದು ತಾಗಿದ ಮೊಟ್ಟೆಗಳಲ್ಲಿ ಹಿಂದೆ ಬಿದ್ದದ್ದು ಈ ಸದ್ದಿಗೆ ಚುರುಕಾಗುತ್ತದೆ ಎಂದು ತೋರಿಸಿದರು. ಕೋಳಿಯಲ್ಲಿ ಅಷ್ಟು ಬಲವಾಗಿ ಕಾಣದಿದ್ದರೂ ತಾಗಿಸಿ ಇಡುವುದರಿಂದ ನಷ್ಟವೇನಿಲ್ಲ. ನನಗಂತೂ ಈ ಸಂಗತಿ ತಿಳಿದ ದಿನ, ಅಮ್ಮ ಹೇಂಟೆಯ ಕೆಳಗಿನ ಮೊಟ್ಟೆ ತೆಗೆದು ಕಿವಿಗೆ ಹಿಡಿದು ‘ಮಾತಾಡ್ತಿದಾವೆ’ ಅನ್ನುತ್ತಿದ್ದದ್ದು ನೆನಪಾಗಿ ಕಣ್ಣು ತುಂಬಿತು.

ಮೊದಲ ಮರಿ ಬಂದ ಮೇಲೆ ದಿನಕ್ಕೆ ಎರಡೇ ಸಲ, ಬೆಳಿಗ್ಗೆ ಸಂಜೆ, ಮುಚ್ಚಳ ತೆಗೆದು ಪುಕ್ಕ ಆರಿದವನ್ನು ಮಾತ್ರ ತೆಗೆಯಿರಿ. ಪದೇಪದೇ ತೆಗೆದರೆ ಒಳಗಿನ ತೇವ ಹೋಗಿ, ಚಿಪ್ಪಿಗೆ ತೂತು ಹಾಕಿದ ಮರಿಯ ಮೈಗೆ ಪೊರೆ ಒಣಗಿ ಅಂಟಿಕೊಳ್ಳುತ್ತದೆ. ಹಾಗೆ ತೆಗೆದ ಒಂದೊಂದು ತಂಡಕ್ಕೂ ಬೇರೆ ಪೆಟ್ಟಿಗೆ, ಬೇರೆ ಬಲ್ಬು. ನಾನು ಮೊದಲ ತಂಡದ ಕಾಲಿಗೆ ಕೆಂಪು ನೂಲು, ನಡುವಿನದಕ್ಕೆ ನೀಲಿ, ಕೊನೆಯದಕ್ಕೆ ಬಿಳಿ ನೂಲು ಸಡಿಲವಾಗಿ ಕಟ್ಟುತ್ತೇನೆ. ಕಾಲು ದಪ್ಪಗಾಗುತ್ತಿದ್ದಂತೆ ನೂಲು ಬಿಚ್ಚಿ ಕಟ್ಟಬೇಕು, ಮರೆತರೆ ಕೊಯ್ದುಬಿಡುತ್ತದೆ. ಬಿಳಿ ನೂಲಿನವಕ್ಕೆ ಪೇಪರ್ ಮೇಲೆ ಮೇವು ಚೆಲ್ಲಿ ಉಗುರಿನಲ್ಲಿ ಟಕಟಕ ಕುಟ್ಟಿ. ತಾಯಿ ಕೊಕ್ಕು ಕುಟ್ಟಿದ್ದು ಅಂದುಕೊಂಡು ಓಡಿ ಬರುತ್ತವೆ. ಮೂರ್ನಾಲ್ಕು ದಿನ ಹೀಗೆ ತಿಂದ ಮೇಲೆ ಎಲ್ಲವನ್ನೂ ಕತ್ತಲಾದ ಹೊತ್ತಿನಲ್ಲಿ ಒಟ್ಟಿಗೆ ಬಿಡಿ.

ಪ್ರಶ್ನೆ: ಸಾಗರದ ಕಡೆಯವಳು ನಾನು. ನಮ್ಮ ಹೇಂಟೆ 11 ಮೊಟ್ಟೆಗೆ ಕಾವು ಕೂತಿತ್ತು. ಏಳು ಮರಿ ಆದ ಮಾರನೇ ದಿನ ಅವನ್ನು ಕರೆದುಕೊಂಡು ಅಂಗಳಕ್ಕೆ ಇಳಿಯಿತು. ನಾಲ್ಕು ಮೊಟ್ಟೆ ಬುಟ್ಟಿಯಲ್ಲೇ ಉಳಿದವು, ಒಂದರಲ್ಲಿ ಬಿರುಕೂ ಇತ್ತು. ಸಂಜೆಗೆ ತಣ್ಣಗಾಗಿದ್ದವು. ಏನು ಮಾಡಬೇಕಿತ್ತು?

ಉತ್ತರ: ತಾಯಿಯನ್ನು ಬೈಯಬೇಡಿ. ಮೊದಲ ಮರಿಗಳು ಕಾಲೂರಿ ಹಸಿವು ಅಂದಾಗ ಅದು ಏಳಲೇಬೇಕು. ಇರುವ ಏಳು ಮುಖ್ಯವೋ ಬರದ ನಾಲ್ಕೋ ಎಂದರೆ ಅದು ಏಳನ್ನೇ ಆರಿಸುತ್ತದೆ.

ನನ್ನ ಅನುಮಾನ, ಕಾವು ಕೂತ ಮೇಲೆ ಇನ್ನೊಂದು ಹೇಂಟೆ ಅದೇ ಬುಟ್ಟಿಗೆ ಮೊಟ್ಟೆ ಇಟ್ಟಿದೆ. ಆ ಮೊಟ್ಟೆಗಳ ಲೆಕ್ಕ ಎರಡು ಮೂರು ದಿನ ಹಿಂದಿರುತ್ತದೆ. ಕೂರಿಸುವ ದಿನವೇ ಎಲ್ಲದಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆದಿಡಿ, ಗೆರೆ ಇಲ್ಲದ್ದು ಕಂಡರೆ ಅವತ್ತೇ ತೆಗೆದು ಅಡುಗೆಗೆ ಕೊಡಿ.

ನಮ್ಮ ಮನೆಯಲ್ಲಿ ಅಮ್ಮ ಮೊದಲ ಮರಿಗಳು ಆರಿದ ಕೂಡಲೇ ತೆಗೆದು, ಹಳೇ ಸೀರೆ ಹಾಸಿದ ಕುಕ್ಕೆಯಲ್ಲಿ ಬಚ್ಚಲೊಲೆಯ ಪಕ್ಕ ಇಡುತ್ತಿದ್ದಳು. ಕೆಂಡದ ಕಾವು ಸಾಕು, ಉರಿಯ ಹತ್ತಿರ ಬೇಡ. ನೀರು, ಪುಡಿ ನುಚ್ಚು ಅಲ್ಲೇ. ಮರಿಯ ಸದ್ದು ಕೇಳದಷ್ಟು ದೂರವಿದ್ದರೆ ಹೇಂಟೆ ಉಳಿದ ಮೊಟ್ಟೆಯ ಮೇಲೆ ಇನ್ನೊಂದು ದಿನ ಕೂರುತ್ತದೆ. ರಾತ್ರಿ ಕತ್ತಲಲ್ಲಿ ಎಲ್ಲವನ್ನೂ ಅದರ ರೆಕ್ಕೆಯಡಿ ಸೇರಿಸಿದರೆ ಬೆಳಿಗ್ಗೆ ಭೇದ ಮಾಡುವುದಿಲ್ಲ.

ಬಿರುಕು ಬಿಟ್ಟ ಮೊಟ್ಟೆಯನ್ನು ಬೆಚ್ಚನೆ ನೀರಿನಲ್ಲಿ ತೇಲಿಸಿ ನೋಡಬೇಡಿ, ಮರಿ ಮುಳುಗಿ ಸಾಯುತ್ತದೆ. ಚಿಪ್ಪು ಸುಲಿಯಲೂಬೇಡಿ. ತೂತು ಹಾಕಿದ ಮೇಲೆ ಹೊರಬರಲು ಅರ್ಧ ದಿನದಿಂದ ಒಂದು ದಿನ ಹಿಡಿಯುವುದು ಸಹಜ. ಆ ಹೊತ್ತಿನಲ್ಲೇ ಪೊರೆಯ ರಕ್ತವೆಲ್ಲ ಮರಿಯ ಮೈಗೆ ಇಳಿಯುವುದು, ಹಳದಿ ಹೊಟ್ಟೆಗೆ ಸೇರುವುದು. ಅವಸರಕ್ಕೆ ಸುಲಿದರೆ ರಕ್ತ ಜಿನುಗುತ್ತದೆ.

ಪ್ರಶ್ನೆ: ಕೊಪ್ಪದಿಂದ. ಗಿರಿರಾಜ ಮರಿ 50 ತರಿಸಿದೆ. ಎಲ್ಲ ‘ಒಂದು ದಿನದ ಮರಿ’ ಅಂದರು. ಕೆಲವು ಗೆಲುವಾಗಿವೆ, ಕೆಲವು ತೂಕಡಿಸುತ್ತಿವೆ. ವಯಸ್ಸು ಬೇರೆ ಬೇರೆಯೇ?

ಉತ್ತರ: ಒಂದು ದಿನದ ಮರಿ ಅನ್ನುವುದು ವ್ಯಾಪಾರದ ಮಾತು, ಗಡಿಯಾರದ ಮಾತಲ್ಲ. ದೊಡ್ಡ ಹ್ಯಾಚರಿಯಲ್ಲೂ ಮೊದಲ ಮರಿಗೂ ಕೊನೆಯದಕ್ಕೂ 24ರಿಂದ 48 ಗಂಟೆ ಅಂತರ ಬರುತ್ತದೆ, ಅದರ ಮೇಲೆ ಎಣಿಕೆ, ಲಸಿಕೆ, ಘಾಟಿಯ ಪ್ರಯಾಣ. ಪೆಟ್ಟಿಗೆ ಬಿಚ್ಚಿದ ಕೂಡಲೇ ಒಂದೊಂದರ ಕೊಕ್ಕನ್ನೂ ಉಗುರುಬೆಚ್ಚನೆ ನೀರಿಗೆ ಅದ್ದಿ ಬಿಡಿ, ಮೇವು ಆಮೇಲೆ. ರಾತ್ರಿ ಮಲಗುವ ಮುಂಚೆ ಕೊರಳ ಬುಡದ ಮೇವಿನ ಚೀಲವನ್ನು ಬೆರಳಿನಿಂದ ಮುಟ್ಟಿ ನೋಡಿ. ತುಂಬಿ ಮೆತ್ತಗಿದ್ದರೆ ತಿಂದಿದೆ, ಕುಡಿದಿದೆ. ಗಟ್ಟಿಯಿದ್ದರೆ ನೀರು ಸಿಕ್ಕಿಲ್ಲ. ಖಾಲಿಯಿದ್ದವನ್ನು ಬೇರೆ ಇಟ್ಟು ಉಗುರು ಕುಟ್ಟಿ ತಿನ್ನಿಸಿ.

ಪ್ರಶ್ನೆ: ಮೊದಲು ಒಡೆದದ್ದೆಲ್ಲ ಹುಂಜ, ಕೊನೆಯದು ಹೇಂಟೆ ಅಂತಾರೆ. ಹೌದೇ? (ಹೊಸನಗರ)

ಉತ್ತರ: ಅಲ್ಲ. ಹುಂಜವೋ ಹೇಂಟೆಯೋ ಎಂಬುದು ತಾಯಿಯಿಂದ ನಿರ್ಧಾರವಾಗುವುದು, ಚಿಪ್ಪು ಕಟ್ಟುವ ಮುಂಚೆಯೇ. ಈ ಸಲದ ನನ್ನ ಬಿಳಿ ನೂಲಿನ ಆರರಲ್ಲಿ ಎರಡಕ್ಕೆ ಜುಟ್ಟು ಕೆಂಪಾಗುತ್ತಿದೆ, ಒಂದು ನಿನ್ನೆ ಬೇಲಿ ಹತ್ತಿ ಕೂಗಲು ನೋಡಿತು.