ಚೆಂಡು ಎಸೆಯುವ ಲೆಕ್ಕ: ಸಮೀಕರಣ ಒಂದೇ, ಕೇಳುವ ಮಾತು ಬೇರೆ ಬೇರೆ

ವರ್ಗ ಸಮೀಕರಣ ಕೊಟ್ಟರೆ ಬಿಡಿಸಲು ಬರುತ್ತದೆ, ಆದರೆ "ಕಟ್ಟಡದ ಮೇಲಿಂದ ಚೆಂಡನ್ನು ಎಸೆದರೆ" ಅಂತ ವಾಕ್ಯದಲ್ಲಿ ಕೊಟ್ಟರೆ ಯಾವುದನ್ನು ಎಲ್ಲಿ ಹಾಕಬೇಕು ಅಂತ ತಿಳಿಯುವುದಿಲ್ಲ, ಮೈನಸ್ ಉತ್ತರವನ್ನು ಯಾಕೆ ಬಿಡುತ್ತಾರೋ ಅದೂ ಗೊತ್ತಿಲ್ಲ ಎಂದು ಕೇಳಿದ್ದೀರಿ. ಹೈಸ್ಕೂಲಿನಲ್ಲಿ ನಾನೂ ಸರಿಯಾಗಿ ಈ ಎರಡು ಕಡೆಯೇ ತಡವರಿಸುತ್ತಿದ್ದೆ. ಪ್ರತಿ ಲೆಕ್ಕಕ್ಕೂ ಹೊಸ ಸಮೀಕರಣ ಕಟ್ಟಬೇಕು ಅಂದುಕೊಂಡಿದ್ದೇ ತಪ್ಪಾಗಿತ್ತು. ಈ ಜಾತಿಯ ಲೆಕ್ಕಗಳಲ್ಲಿ ಸಮೀಕರಣ ಯಾವಾಗಲೂ ಒಂದೇ. ಅದರಲ್ಲಿ ಬದಲಾಗುವುದು ಎರಡೇ ಅಂಕಿ, ಎಲ್ಲಿಂದ ಎಸೆದರು ಮತ್ತು ಎಷ್ಟು ವೇಗದಲ್ಲಿ ಎಸೆದರು.

ಒಂದು ಲೆಕ್ಕ ತೆಗೆದುಕೊಳ್ಳೋಣ. 25 ಮೀಟರ್ ಎತ್ತರದಿಂದ, ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಚೆಂಡನ್ನು ನೇರ ಮೇಲಕ್ಕೆ ಎಸೆಯುತ್ತೀರಿ. ಭೂಮಿ ಎಳೆಯುವುದೇ ಇಲ್ಲ ಅಂತ ಒಂದು ಕ್ಷಣ ಅಂದುಕೊಳ್ಳಿ. ಆಗ ಟಿ ಸೆಕೆಂಡ್ ಕಳೆದಾಗ ಎತ್ತರ ಎಷ್ಟು? 25 + 20ಟಿ, ಅಷ್ಟೇ. ಆದರೆ ಭೂಮಿ ಎಳೆಯುತ್ತದೆ ಅಲ್ವಾ, ಹಾಗಾಗಿ ಆ ಎತ್ತರದಿಂದ ಒಂದಿಷ್ಟು ಕಳೆಯಬೇಕು. ಎಷ್ಟು ಕಳೆಯಬೇಕು ಅನ್ನುವುದನ್ನು ಬಾಯಿಪಾಠ ಮಾಡಬೇಡಿ, ದಯವಿಟ್ಟು ಒಮ್ಮೆ ಅರ್ಥ ಮಾಡಿಕೊಳ್ಳಿ. ಸುಮ್ನೆ ಕೈಬಿಟ್ಟ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಸುಮಾರು 10 ಮೀಟರ್‌ನಷ್ಟು ಜಾಸ್ತಿ ಆಗುತ್ತಾ ಹೋಗುತ್ತದೆ (ಸರಿಯಾದ ಅಂಕಿ 9.8, ಲೆಕ್ಕ ಸುಲಭವಾಗಲಿ ಅಂತ 10 ಇಟ್ಟಿದ್ದೇನೆ). ಶುರುವಿನಲ್ಲಿ ವೇಗ ಸೊನ್ನೆ, ಟಿ ಸೆಕೆಂಡ್ ಹೊತ್ತಿಗೆ 10ಟಿ, ಎರಡರ ಸರಾಸರಿ 5ಟಿ. ಆ ಸರಾಸರಿ ವೇಗದಲ್ಲಿ ಟಿ ಸೆಕೆಂಡ್ ಬಿದ್ದರೆ ಒಟ್ಟು 5ಟಿ² ಮೀಟರ್. ಪುಸ್ತಕದ ½gt² ಸೂತ್ರದಲ್ಲಿ (g ಅಂದರೆ ಇಲ್ಲಿನ 10) ಎಲ್ಲರನ್ನೂ ಕಾಡುವ ಆ "ಅರ್ಧ" ಬರುವುದು ಇಲ್ಲಿಂದ.

ಎತ್ತರ = 25 + 20ಟಿ − 5ಟಿ²

ಇನ್ನು ಮುಂದೆ ಈ ಸಾಲನ್ನು ಮುಟ್ಟುವುದೇ ಇಲ್ಲ. ಪ್ರಶ್ನೆ ಓದುವಾಗ ಒಂದೇ ವಿಷಯ ಕೇಳಿಕೊಳ್ಳಿ: ನನಗೆ ಕೊಟ್ಟಿರುವುದು ಎತ್ತರವೋ, ಸಮಯವೋ?

"ಯಾವಾಗ ನೆಲಕ್ಕೆ ಬೀಳುತ್ತದೆ" ಅಂದರೆ ಎತ್ತರ ಕೊಟ್ಟಿದ್ದಾರೆ, ಅದು ಸೊನ್ನೆ. ಸೊನ್ನೆ ಅನ್ನುವ ಅಂಕಿ ವಾಕ್ಯದಲ್ಲಿ ಎಲ್ಲೂ ಕಾಣುವುದಿಲ್ಲ, "ನೆಲ" ಅನ್ನುವ ಪದದೊಳಗೆ ಅಡಗಿರುತ್ತದೆ. ಎಡಗಡೆ ಸೊನ್ನೆ ಹಾಕಿ 5ರಿಂದ ಭಾಗಿಸಿದರೆ ಟಿ² − 4ಟಿ − 5 = 0, ಅಂದರೆ ಟಿ = 5 ಅಥವಾ −1. "ಯಾವಾಗ 40 ಮೀಟರ್ ಎತ್ತರದಲ್ಲಿರುತ್ತದೆ" ಅಂದರೆ ಎಡಗಡೆ 40. ಟಿ² − 4ಟಿ + 3 = 0, ಉತ್ತರ 1 ಮತ್ತು 3. ಇಲ್ಲಿ ಎರಡೂ ಸರಿ, ಒಂದು ಹತ್ತುವಾಗ, ಇನ್ನೊಂದು ಇಳಿಯುವಾಗ. ಈ 1 ಮತ್ತು 3ರ ನಡುವೆ ಸರಿಯಾಗಿ 2 ಇದೆ, 5 ಮತ್ತು −1ರ ನಡುವೆಯೂ 2 ಇದೆ. ಚೆಂಡು ತುದಿ ಮುಟ್ಟುವುದು ಆಗಲೇ! ಹತ್ತುವುದು ಇಳಿಯುವುದು ಕನ್ನಡಿಯಲ್ಲಿ ನೋಡಿದಂತೆ ಸಮ, ಹಾಗಾಗಿ ತುದಿ ಯಾವಾಗಲೂ ಎರಡು ಮೂಲಗಳ, ಅಂದರೆ ಸಮೀಕರಣದ ಎರಡು ಉತ್ತರಗಳ, ನಟ್ಟನಡುವೆ. ಟಿ = 2 ಹಾಕಿದರೆ ಗರಿಷ್ಠ ಎತ್ತರ 45 ಮೀಟರ್. "50 ಮೀಟರ್ ಯಾವಾಗ ಮುಟ್ಟುತ್ತದೆ" ಅಂತ ಕೇಳಿದರೆ ಟಿ² − 4ಟಿ + 5 = 0 ಬರುತ್ತದೆ, ಅದರ ಶೋಧಕ (ಸೂತ್ರದಲ್ಲಿ ವರ್ಗಮೂಲದ ಚಿಹ್ನೆಯೊಳಗೆ ಬರುವ b² − 4ac) 16 − 20, ಅಂದರೆ −4. ವಾಸ್ತವ ಮೂಲಗಳಿಲ್ಲ. ಪುಸ್ತಕದಲ್ಲಿ ಒಣ ನಿಯಮದಂತೆ ಕಾಣುವ ಈ ಮಾತು ಇಲ್ಲಿ "ಚೆಂಡು ಅಷ್ಟು ಎತ್ತರ ಹೋಗಲೇ ಇಲ್ಲ" ಅಂತ ಹೇಳುತ್ತಿದೆ. ನನಗೆ ಬೀಜಗಣಿತ ಇಷ್ಟವಾಗಲು ಶುರುವಾಗಿದ್ದೇ ಈ ಜಾಗದಲ್ಲಿ.

ಈಗ ಆ −1. ಅದನ್ನು ಬಿಡುವುದು ತಪ್ಪು ಉತ್ತರ ಅಂತಲ್ಲ. ನಮ್ಮ ಕಥೆ ಶುರುವಾಗುವುದು ಟಿ = 0ಯಲ್ಲಿ, ಅದಕ್ಕೂ ಮೊದಲು ಚೆಂಡು ನಿಮ್ಮ ಕೈಯಲ್ಲಿತ್ತು, ಅಷ್ಟೇ ಕಾರಣ. ಸಮೀಕರಣಕ್ಕೆ ನಿಮ್ಮ ಕೈ ಗೊತ್ತಿಲ್ಲ. ಒಂದು ಸೆಕೆಂಡ್ ಮೊದಲು ಯಾರಾದರೂ ನೆಲದಿಂದಲೇ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಎಸೆದಿದ್ದರೆ, ಆ ಚೆಂಡು ಟಿ = 0ಯಲ್ಲಿ ಸರಿಯಾಗಿ 25 ಮೀಟರ್ ಎತ್ತರವನ್ನು 20 ಮೀಟರ್ ವೇಗದಲ್ಲೇ ದಾಟುತ್ತಿತ್ತು. ಲೆಕ್ಕ ಹಾಕಿ ನೋಡಿ, 30 − 5 = 25, ವೇಗ 30 − 10 = 20. −1 ಹೇಳುತ್ತಿರುವುದು ಅದನ್ನೇ.

ಪದಗಳ ವಿಷಯ ಬೇಗ ಹೇಳಿಬಿಡುತ್ತೇನೆ. "ಕೈಬಿಟ್ಟರೆ" ಅಂದರೆ ಆರಂಭದ ವೇಗ ಸೊನ್ನೆ. "ಕೆಳಕ್ಕೆ ಎಸೆದರೆ" ಅಂದರೆ ವೇಗದ ಮುಂದೆ ಮೈನಸ್. ಟಿ² ಜೊತೆ 4.9 ಇದ್ದರೆ ಅಳತೆ ಮೀಟರ್‌ನಲ್ಲಿದೆ, 16 ಇದ್ದರೆ ಅಡಿಗಳಲ್ಲಿ, ಯಾಕೆಂದರೆ 9.8 ಮೀಟರ್ ಅಂದರೆ ಸುಮಾರು 32 ಅಡಿ, ಅದರ ಅರ್ಧ 16. ಎರಡನ್ನೂ ಒಂದೇ ಲೆಕ್ಕದಲ್ಲಿ ಬೆರೆಸಬೇಡಿ.

ಕೊನೆಗೆ ನಕ್ಷೆ. ಅದರಲ್ಲಿ ಕಾಣುವ ಬಾಗಿದ ಗೆರೆ ಚೆಂಡು ಹೋದ ದಾರಿ ಅಂತ ತುಂಬಾ ಜನ ತಿಳಿಯುತ್ತಾರೆ. ನಮ್ಮ ಚೆಂಡು ನೇರ ಮೇಲೆ ಹೋಗಿ ನೇರ ಕೆಳಗೆ ಬಂದಿದೆ, ಎಲ್ಲೂ ಬಾಗಿಲ್ಲ. ನಕ್ಷೆಯಲ್ಲಿ ಅಡ್ಡಕ್ಕೆ ಇರುವುದು ಸಮಯ, ದೂರ ಅಲ್ಲ. ಓರೆಯಾಗಿ ಎಸೆದಾಗ ಮಾತ್ರ ದಾರಿಯೂ ಪರವಲಯವೇ (ನಕ್ಷೆಯಲ್ಲಿ ಕಂಡ ಅದೇ ಜಾತಿಯ ಬಾಗಿದ ಗೆರೆ) ಆಗುತ್ತದೆ, ಇದನ್ನು ಗೆಲಿಲಿಯೋ 1638ರ ಪುಸ್ತಕದಲ್ಲಿ ತೋರಿಸಿದ್ದಾನೆ. ಗಾಳಿಯ ತಡೆ ಬಿಟ್ಟರೆ ಚೆಂಡು ಅಡ್ಡಕ್ಕೆ ಒಂದೇ ವೇಗದಲ್ಲಿ ಸಾಗುತ್ತದೆ, ಹಾಗಾಗಿ ದೂರವೂ ಸಮಯದ ಜೊತೆ ಸಮನಾಗಿ ಬೆಳೆಯುತ್ತದೆ. "ಎಷ್ಟು ದೂರದಲ್ಲಿ ಬೀಳುತ್ತದೆ" ಅಂತ ಕೇಳಿದರೆ ಮೊದಲು ಎತ್ತರದ ಸಮೀಕರಣದಿಂದ ಸಮಯ ತೆಗೆಯಿರಿ, ಆಮೇಲೆ ಅಡ್ಡ ವೇಗದಿಂದ ಗುಣಿಸಿ. ನೀವು ಸಿಕ್ಕಿಬಿದ್ದಿರುವ ಲೆಕ್ಕ ಇದ್ದರೆ ಕೆಳಗೆ ಹಾಕಿ, ಅದನ್ನೇ ಹಿಡಿದು ಸಾಲು ಸಾಲಾಗಿ ನೋಡೋಣ.