ಚಳಿಯಲ್ಲಿ ಗಂಟೆಗಟ್ಟಲೆ ಕೂರಲು ಕಂಬಳಿ ಸಾಕಾ, ಜಾಕೆಟ್ ಬೇಕಾ?

ಯುರೋಪಿನ ಬೇಟೆಗಾರರು ಚಳಿಗಾಲದಲ್ಲಿ ಈಗಲೂ ಹಳೇ ಕಾಲದ ಉಣ್ಣೆ ಬಟ್ಟೆ ಹಾಕುವುದನ್ನು ವಿಡಿಯೋದಲ್ಲಿ ನೋಡಿದ್ದೀರಿ. ನಮ್ಮ ಕುರಿ ಕಂಬಳಿಯೂ ಹಾಗೇ ಕೆಲಸ ಮಾಡುತ್ತದಾ, ಡಿಸೆಂಬರ್‌ನಲ್ಲಿ ಮೈದನಹಳ್ಳಿ ಹುಲ್ಲುಗಾವಲಿಗೆ ಕೃಷ್ಣಮೃಗದ ಫೋಟೋ ತೆಗೆಯಲು ಹೋಗುವಾಗ ಅದನ್ನೇ ಹೊದ್ದು ಕೂರಬಹುದಾ, ಅಥವಾ ದುಬಾರಿ ಜಾಕೆಟ್ ಕೊಳ್ಳಬೇಕಾ ಅಂತ ಕೇಳಿದ್ದೀರಿ. ನಾನು ಮಧುಗಿರಿ ಕಡೆಯವನು. ನಮ್ಮ ಮನೆಯಲ್ಲಿ ಕುರಿ ಇವೆ, ಕಂಬಳಿ ಹೊದ್ದೇ ಬೆಳೆದವನು. ಆ ಹುಲ್ಲುಗಾವಲಿಗೂ ಬೆಳಗಿನ ಹೊತ್ತು ಆಗಾಗ ಹೋಗುತ್ತೇನೆ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ಕೂರುವುದಕ್ಕೆ ಕಂಬಳಿಯಂಥದ್ದು ಇನ್ನೊಂದಿಲ್ಲ. ನಡೆಯುವುದಕ್ಕೆ, ಬೈಕ್ ಓಡಿಸುವುದಕ್ಕೆ ಅದು ಆಗುವುದಿಲ್ಲ.

ಮೊದಲು ಬೇಟೆಯ ವಿಷಯ ಮುಗಿಸಿಬಿಡೋಣ, ಯಾಕಂದರೆ ಈ ಪ್ರಶ್ನೆ ಓದುವ ಬೇರೆಯವರೂ ಇರುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಶೋಕಿಗಾಗಲಿ ಮಾಂಸಕ್ಕಾಗಲಿ ಕಾಡುಪ್ರಾಣಿ ಹೊಡೆಯುವಂತಿಲ್ಲ. ಮೊಲ, ಕಾಡುಹಂದಿಯೂ ಅದರಲ್ಲಿ ಸೇರಿವೆ. ಕೃಷ್ಣಮೃಗ ಅತಿ ಹೆಚ್ಚು ರಕ್ಷಣೆ ಇರುವ ಮೊದಲನೇ ಪಟ್ಟಿಯಲ್ಲಿದೆ. ಹೊಡೆದರೆ ಮೂರರಿಂದ ಏಳು ವರ್ಷ ಜೈಲು. ಆದರೆ ಬೇಟೆಗಾರನಿಗೂ, ಕ್ಯಾಮೆರಾ ಹಿಡಿದು ಕೂತವನಿಗೂ, ಕಡಲೆಕಾಯಿ ಹೊಲ ಕಾಯುವ ರೈತನಿಗೂ ಚಳಿ ಒಂದೇ ಥರ ಕಾಡುತ್ತದೆ. ಕತ್ತಲಿರುವಾಗಲೇ ಹೋಗಬೇಕು, ಅಲ್ಲಾಡದೆ ಕೂರಬೇಕು. ಅಲ್ಲಾಡದಿದ್ದರೆ ಮೈ ಬಿಸಿಯಾಗುವುದಿಲ್ಲ. ಬಟ್ಟೆಯ ಬೆಲೆ ಗೊತ್ತಾಗುವುದು ಆಗಲೇ.

ಉಣ್ಣೆ ಯಾಕೆ ಬೆಚ್ಚಗೆ ಅಂದರೆ, ಅದರ ಒಂದೊಂದು ಎಳೆಯೂ ಸುರುಳಿ ಸುರುಳಿಯಾಗಿರುತ್ತದೆ. ಎಳೆಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಚಳಿ ತಡೆಯುವುದು ಆ ಗಾಳಿಯೇ. ಎರಡನೆಯದು ಇನ್ನೂ ಸೊಗಸಾದ ವಿಷಯ. ಉಣ್ಣೆ ತನ್ನ ತೂಕದ ಹೆಚ್ಚುಕಡಿಮೆ ಮೂರನೇ ಒಂದು ಭಾಗದಷ್ಟು ತೇವವನ್ನು ಆವಿಯ ರೂಪದಲ್ಲಿ ಒಳಗೆ ಎಳೆದುಕೊಳ್ಳಬಲ್ಲದು. ಅಷ್ಟಾದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹಾಗೆ ತೇವ ಎಳೆದುಕೊಳ್ಳುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಮನೆಯೊಳಗೆ ಒಣಗಿದ್ದ ಕಂಬಳಿಯನ್ನು ಬೆಳಗಿನ ಜಾವದ ಮಂಜಿಗೆ ತಂದಾಗ ನಡೆಯುವುದು ಇದೇ. ಅದಕ್ಕೇ ರಾತ್ರಿ ಕಂಬಳಿಯನ್ನು ಅಂಗಳದಲ್ಲಿ ಬಿಡಬೇಡಿ, ಒಣಗಿದ ಜಾಗದಲ್ಲಿ ಇಡಿ. ಹತ್ತಿ ಬಟ್ಟೆ ಇದಕ್ಕೆ ಪೂರ್ತಿ ಉಲ್ಟಾ. ಒದ್ದೆಯಾದರೆ ಮೈಗೆ ಅಂಟಿಕೊಂಡು ಇದ್ದ ಶಾಖವನ್ನೂ ಎಳೆದುಬಿಡುತ್ತದೆ.

ಇಬ್ಬನಿ ಜೋರಾಗಿ ಬಿದ್ದ ದಿನ ಕಂಬಳಿಯ ಹೊರಮೈ ಹತ್ತಿರದಿಂದ ನೋಡಿ. ಮೇಲೆದ್ದ ಒರಟು ಕೂದಲ ತುದಿಗಳಲ್ಲಿ ನೀರು ಸಾಸಿವೆ ಕಾಳಿನ ಹಾಗೆ ನಿಂತಿರುತ್ತದೆ, ಬಟ್ಟೆಗೆ ಇಳಿದಿರುವುದಿಲ್ಲ. ಕುರಿ ಕಾಯುವವರು ಎದ್ದ ತಕ್ಷಣ ಕಂಬಳಿಯ ಎರಡು ಮೂಲೆ ಹಿಡಿದು ಒಮ್ಮೆ ಜೋರಾಗಿ ಒದರುತ್ತಾರೆ. ಅರ್ಧ ನೀರು ಅಲ್ಲೇ ಉದುರಿಹೋಗುತ್ತದೆ. ಒಳಮೈ ಕೈಯಿಟ್ಟು ನೋಡಿದರೆ ಒಣಗೇ ಇರುತ್ತದೆ. ತುಪ್ಪಟದಲ್ಲಿ, ಅಂದರೆ ಕುರಿಯ ಕೂದಲಿನಲ್ಲಿ, ಉಳಿದ ಜಿಡ್ಡು, ಎಳೆಯ ಮೇಲಿನ ಪೊರೆ ಎರಡೂ ಸೇರಿ ಮಾಡುವ ಕೆಲಸ ಇದು. ಕಂಬಳಿಗೆ ಬಟ್ಟೆ ಪುಡಿ ಹಾಕಿ ತಿಕ್ಕಬೇಡಿ ಅಂತ ಹಿರಿಯರು ಬೈಯುತ್ತಿದ್ದದ್ದು ಇದಕ್ಕೇ. ಜಿಡ್ಡು ಹೋದರೆ ಈ ಗುಣವೂ ಹೋಗುತ್ತದೆ.

ನೀವು ವಿಡಿಯೋದಲ್ಲಿ ನೋಡಿದ್ದು ಬಹುಶಃ ಲೋಡನ್ ಅಥವಾ ಟ್ವೀಡ್ ಅನ್ನುವ ದಪ್ಪ ಉಣ್ಣೆ ಬಟ್ಟೆ ಇರಬೇಕು. ಲೋಡನ್ ಆಸ್ಟ್ರಿಯಾದ ಟಿರೋಲ್ ಬೆಟ್ಟಸೀಮೆಯದು. ನೇಯ್ದ ಮೇಲೆ ಬಟ್ಟೆಯನ್ನು ನೀರಿನಲ್ಲಿ ಕುಟ್ಟಿ, ಕುಗ್ಗಿಸಿ ದಟ್ಟ ಮಾಡುತ್ತಾರೆ. ಹಾಗಾಗಿ ಗಾಳಿ ಸುಲಭಕ್ಕೆ ನುಗ್ಗುವುದಿಲ್ಲ. ಸ್ಕಾಟ್‌ಲೆಂಡಿನಲ್ಲಿ ದೊಡ್ಡ ದೊಡ್ಡ ಎಸ್ಟೇಟುಗಳು ತಮ್ಮ ಬೆಟ್ಟದ ಹುಲ್ಲು, ಕಲ್ಲಿನ ಬಣ್ಣಕ್ಕೆ ಹೊಂದುವ ಹಾಗೆ ತಮ್ಮದೇ ಟ್ವೀಡ್ ನೇಯಿಸುತ್ತಿದ್ದವು. ಅವರು ಉಣ್ಣೆಯನ್ನು ಹೊಗಳುವುದಕ್ಕೆ ಇನ್ನೊಂದು ಕಾರಣ, ಸದ್ದಿಲ್ಲ. ನೈಲಾನ್ ಜಾಕೆಟ್ ಮುಳ್ಳಿಗೆ ತಾಗಿದರೆ ಪರಪರ ಅನ್ನುತ್ತದೆ, ಉಣ್ಣೆ ಅನ್ನುವುದಿಲ್ಲ. ಆದರೆ ಅವೆಲ್ಲ ಕೋಟು, ಪ್ಯಾಂಟು ಮಾಡಿ ಹೊಲಿದ ಬಟ್ಟೆಗಳು. ಬೆಟ್ಟ ಹತ್ತುವವರಿಗೆ ಮಾಡಿದ್ದು. ನಮ್ಮ ಕಂಬಳಿ ಹೊಲಿಯದ ಬಟ್ಟೆ. ರಾತ್ರಿಯೆಲ್ಲ ಕುರಿ ಕೂಡುವ ರೊಪ್ಪದ ಪಕ್ಕ ಕೂರುವವರಿಗೆ, ಅಲ್ಲೇ ಮಲಗುವವರಿಗೆ ಆಗಿ ಬಂದದ್ದು.

ಈಗ ಮೈದನಹಳ್ಳಿಗೆ ಬರೋಣ. ಪುರವರ, ಕೊಡಿಗೇನಹಳ್ಳಿ ಹತ್ತಿರದ ಈ ಜಯಮಂಗಲಿ ಕೃಷ್ಣಮೃಗ ಮೀಸಲು ಸುಮಾರು 798 ಎಕರೆ ಇದೆ. ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾದದ್ದು 2007ರಲ್ಲಿ. ಬಯಲು ಹುಲ್ಲು, ಅಲ್ಲಲ್ಲಿ ನೀಲಗಿರಿ ತೋಪು. ಗಾಳಿಗೆ ಅಡ್ಡವೇ ಇಲ್ಲ. ಇಲ್ಲಿ ಸದ್ದಿಗಿಂತ ಕಣ್ಣಿನ ಲೆಕ್ಕ ಜಾಸ್ತಿ. ಕೃಷ್ಣಮೃಗ ಬಯಲಿನ ಪ್ರಾಣಿ, ಅಪಾಯವನ್ನು ಮೊದಲು ಕಣ್ಣಿಂದಲೇ ಹಿಡಿಯುತ್ತದೆ. ನೀವು ಕ್ಯಾಮೆರಾ ಎತ್ತುವ ಕೈ, ಮೂಗು ಒರೆಸುವ ಕೈ, ಎರಡೂ ಅದಕ್ಕೆ ಕಾಣುತ್ತವೆ. ಕಂಬಳಿ ಆ ಕೈಗಳನ್ನು ಮುಚ್ಚುತ್ತದೆ. ಜಾಕೆಟ್ಟಿಗೆ ಇಲ್ಲದ ಅನುಕೂಲ ಇದು. ಒಳಗೇ ಕ್ಯಾಮೆರಾ ಇಟ್ಟುಕೊಂಡು, ಲೆನ್ಸಿನ ತುದಿಯಷ್ಟೇ ಹೊರಗೆ ಬಿಟ್ಟು, ಒಳಗೆ ಏನು ಬೇಕಾದರೂ ತಿರುಗಿಸಿಕೊಳ್ಳಬಹುದು. ಸುತ್ತಲಿನ ಹೊಲಗಳಲ್ಲಿ ಕಂಬಳಿ ಹೊದ್ದು ಕುರಿ ಕಾಯುವವರನ್ನು ಅವು ದಿನಾ ನೋಡುತ್ತವೆ. ಸುಮ್ನೆ ಕೂತ ಕಂಬಳಿಗೆ ಅಷ್ಟಾಗಿ ಬೆದರುವುದಿಲ್ಲ ಅನ್ನುವುದು ನನ್ನ ಅನುಭವ.

ಬಣ್ಣದ ವಿಷಯದಲ್ಲಿ ಒಂದು ಮಾತು. ಕರಿ ಕಂಬಳಿ ನೋಡಲು ಚೆಂದ. ಆದರೆ ಒಣಗಿದ ಹುಲ್ಲಿನ ನಡುವೆ ಕಪ್ಪು ಗುಡ್ಡೆಯಾಗಿ ಎದ್ದು ಕಾಣುತ್ತದೆ. ಕಂದು, ಬೂದು ಬೆರೆತ ಕಂಬಳಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಕರಿಯದೇ ಇದ್ದರೆ ಪೊದೆಯ ನೆರಳಿನಲ್ಲಿ ಕೂರಿ, ಆಕಾಶ ಹಿಂದೆ ಬರುವ ದಿಣ್ಣೆಯ ಮೇಲಂತೂ ಬೇಡ.

ಹೊದೆಯುವುದರಲ್ಲೂ ಒಂದು ಕ್ರಮ ಇದೆ. ಶಾಲಿನ ಹಾಗೆ ಹೆಗಲಿಗೆ ಹಾಕಿಕೊಂಡರೆ ಎದೆಯ ಮುಂದೆ ಗಾಳಿ ನುಗ್ಗುತ್ತದೆ. ಕುರಿಗಾಹಿಗಳು ಮಾಡುವ ಹಾಗೆ ಕೊಪ್ಪೆ ಮಾಡಿ. ಕಂಬಳಿಯ ಒಂದು ತುದಿಯ ಮೂಲೆಯನ್ನು ಒಳಗೆ ಮಡಚಿದರೆ ತಲೆ ತೂರಿಸುವಷ್ಟು ಚೂಪು ಮುಸುಕು ಆಗುತ್ತದೆ. ಅದನ್ನು ತಲೆಗೆ ಹಾಕಿ, ಉಳಿದದ್ದನ್ನು ಬೆನ್ನಿಗೆ ಇಳಿಬಿಟ್ಟು, ಎರಡೂ ಅಂಚನ್ನು ಮುಂದೆ ಒಂದರ ಮೇಲೊಂದು ತಂದು ತೊಡೆ ಕೆಳಗೆ ಸಿಕ್ಕಿಸಿಕೊಳ್ಳಿ. ತಲೆ, ಕಿವಿ, ಬೆನ್ನು ಒಂದೇ ಬಟ್ಟೆಯಲ್ಲಿ ಮುಚ್ಚಿಹೋಗುತ್ತದೆ. ಕೂರುವ ಜಾಗಕ್ಕೆ ಹಳೇ ಕಂಬಳಿಯ ತುಂಡೋ, ದಪ್ಪನೆಯ ಗೋಣಿಚೀಲವೋ ಮಡಚಿ ಹಾಕಿ. ಮೇಲೆ ಎಷ್ಟೇ ಹೊದ್ದರೂ ತಣ್ಣಗಿನ ನೆಲ ಕೆಳಗಿನಿಂದ ಶಾಖ ಕದಿಯುತ್ತಲೇ ಇರುತ್ತದೆ.

ಕಂಬಳಿ ಸೋಲುವ ಕಡೆಗಳನ್ನೂ ಹೇಳಬೇಕು. ಬೈಕಿನಲ್ಲಿ ಹೋಗುವಾಗ ಅದು ಬೇಡವೇ ಬೇಡ. ನೇಯ್ಗೆ ಸಡಿಲ, ವೇಗದ ಗಾಳಿ ಸೀದಾ ಒಳಗೆ ಬರುತ್ತದೆ. ತುದಿ ಚಕ್ರಕ್ಕೆ ಸಿಕ್ಕರೆ ಪ್ರಾಣಕ್ಕೇ ಅಪಾಯ. ಬೈಕಿಗೆ ಜರ್ಕಿನ್ ಹಾಕಿ, ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿಂದೆ ಕಟ್ಟಿ. ಅಲ್ಲಿ ಇಳಿದ ಮೇಲೆ ನಡೆಯುವಾಗಲೂ ಹೊದೆಯಬೇಡಿ, ಮಡಚಿ ಹೆಗಲ ಮೇಲೆ ಹಾಕಿಕೊಳ್ಳಿ. ಬೆವರಿ ಕೂತರೆ ಯಾವ ಬಟ್ಟೆಯೂ ಕಾಪಾಡುವುದಿಲ್ಲ. ಎರಡು ಮೂರು ಕಿಲೋ ತೂಕ ಇರುತ್ತದೆ, ಜೋರು ಮಳೆಯಲ್ಲಿ ಪೂರ್ತಿ ನೆನೆದರೆ ಹೊರುವುದೇ ಕಷ್ಟ, ಒಣಗಲು ದಿನವೇ ಬೇಕು. ಆ ಒಂದು ವಿಷಯದಲ್ಲಿ ಪ್ಲಾಸ್ಟಿಕ್ ಎಳೆಯ ಫ್ಲೀಸ್ ಜಾಕೆಟ್ಟೇ ಮುಂದೆ.

ಚುಚ್ಚುವುದೂ ನಿಜ. ಎಳೆ 30 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ದಪ್ಪ ಇದ್ದರೆ ಚರ್ಮಕ್ಕೆ ಚುಚ್ಚಿದ ಹಾಗೆ ಅನ್ನಿಸುತ್ತದೆ. ನಯಕ್ಕೆ ಹೆಸರಾದ ಮೆರಿನೊ ಕುರಿಯ ಉಣ್ಣೆ ಸಾಮಾನ್ಯವಾಗಿ 24ರೊಳಗೆ ಇರುತ್ತದೆ, ನಮ್ಮ ದಖ್ಖನಿ ಕುರಿಯದು ಅದಕ್ಕಿಂತ ತುಂಬಾ ಒರಟು. ಮೈಗೆ ತಾಗದ ಹಾಗೆ ಒಳಗೆ ತುಂಬುತೋಳಿನ ಸ್ವೆಟರ್, ಕುತ್ತಿಗೆಗೆ ಮಫ್ಲರ್ ಇರಲಿ. ಈ ಒರಟುತನವನ್ನು ದೋಷ ಅನ್ನಬೇಡಿ. ಮುಳ್ಳು, ಕಲ್ಲು, ವರ್ಷಗಟ್ಟಲೆಯ ಎಳೆದಾಟ ತಡೆಯುವುದು ಅದರಿಂದಲೇ.

ಕೊಳ್ಳುವಾಗ ಹುಷಾರು. ಸಂತೆಯಲ್ಲಿ ಕಂಬಳಿ ಅಂತ ಮಾರುವ ಎಷ್ಟೋ ರಗ್ಗುಗಳು ಅಕ್ರಿಲಿಕ್. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಕಡ್ಡಿ ತೆಗೆದ ಕೂಡಲೇ ಆರಿಹೋಗುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಬೆಂಕಿ ಕಾಯಿಸುತ್ತಾ ಕೂರುವ ಹೊಲದ ಕಾವಲಿನವರಿಗೆ ಇದು ಬರೀ ಪರೀಕ್ಷೆಯಲ್ಲ, ಮೈ ಸುಡದಿರುವ ವಿಷಯ. ಮೀಸಲಿನೊಳಗೆ ಮಾತ್ರ ಬೆಂಕಿ ಹಾಕಲೇಬೇಡಿ, ಒಣಹುಲ್ಲು ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ.

ಸಾಧ್ಯವಾದರೆ ಮಗ್ಗದವರ ಹತ್ತಿರವೇ ಕೊಳ್ಳಿ. ನಮಗೆ ಹತ್ತಿರ ಅಂದರೆ ಶಿರಾ ದಾಟಿದರೆ ಚಳ್ಳಕೆರೆ ಕಡೆ, ಅಲ್ಲಿನ ಕಂಬಳಿಗೆ ಹಳೇ ಹೆಸರಿದೆ. ಹುಣಸೆ ಬೀಜದ ಗಂಜಿ ಹಾಕಿದ ಹೊಸ ಕಂಬಳಿ ಮೊದಲು ಬಿರುಸಾಗಿರುತ್ತದೆ, ಹೊದ್ದಷ್ಟೂ ಮೆತ್ತಗಾಗುತ್ತದೆ. ನನಗೆ ನಿಜಕ್ಕೂ ಸಂಕಟ ಕೊಡುವ ವಿಷಯ ಒಂದಿದೆ. ಈಗ ಕುರಿ ಸಾಕುವುದು ಮಾಂಸಕ್ಕೆ ಅನ್ನುವಂತಾಗಿದೆ. ತುಪ್ಪಟಕ್ಕೆ ಸಿಗುವ ದುಡ್ಡು ಕತ್ತರಿಸುವ ಕೂಲಿಗೂ ಸಾಲದೆ, ಎಷ್ಟೋ ಕಡೆ ಬೇಲಿ ಪಕ್ಕ ಸುರಿದು ಬರುತ್ತಾರೆ. ಇಷ್ಟು ಗುಣದ ಬಟ್ಟೆ ಮಣ್ಣುಪಾಲಾಗುತ್ತಿರುವಾಗ ನಾವು ಪ್ಲಾಸ್ಟಿಕ್ ಎಳೆಯ ಜಾಕೆಟ್ಟಿಗೆ ಸಾವಿರಗಟ್ಟಲೆ ಸುರಿಯುತ್ತಿದ್ದೇವೆ.

ಚಳಿ ಶಿವರಾತ್ರಿಗೆ ಶಿವಶಿವಾ ಅಂತ ಹೋದಮೇಲೆ ಕಂಬಳಿಯನ್ನು ಸುಮ್ನೆ ಮೂಲೆಗೆ ಎಸೆಯಬೇಡಿ, ನುಸಿ ತಿಂದು ತೂತು ಮಾಡುತ್ತದೆ. ಕೊಳೆಯಾಗಿದ್ದರೆ ತಣ್ಣೀರಿನಲ್ಲಿ ಅಂಟುವಾಳ ಕಾಯಿ ಹಾಕಿ ಅದ್ದಿ ತೆಗೆಯಿರಿ, ಹಿಂಡಬೇಡಿ, ಬಿಸಿನೀರು ಬೇಡ. ಒಳ್ಳೆ ಬಿಸಿಲಿಗೆ ಹರಡಿ, ಕೋಲಿನಲ್ಲಿ ಬಡಿದು ಧೂಳು ತೆಗೆದು, ಒಣಗಿದ ಬೇವಿನ ಸೊಪ್ಪು ಇಟ್ಟು ಮಡಚಿಡಿ. ಹೋಗುವ ಮುಂಚೆ ಅರಣ್ಯ ಇಲಾಖೆಯವರ ಅನುಮತಿ ಕೇಳಿಕೊಳ್ಳಿ, ದಾರಿ ಬಿಟ್ಟು ಹುಲ್ಲಿಗೆ ಗಾಡಿ ಇಳಿಸಬೇಡಿ. ಕಂಬಳಿ ಎಲ್ಲಿಂದಲೂ ಸಿಗದಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ನಮ್ಮ ಕಡೆ ಯಾವ ಸಂತೆಗೆ ಬರುತ್ತವೆ ಅಂತ ವಿಚಾರಿಸಿ ಹೇಳುತ್ತೇನೆ.