ನೆಲಕ್ಕೆ ಉದುರದ ಕೂದಲು ಎಲ್ಲಿಗೆ ಹೋಗುತ್ತದೆ?

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ಮಾನ್ಯರೆ, ನಮ್ಮ ಮನೆ ಕಾರವಾರದಲ್ಲಿ, ಕಡಲ ದಂಡೆಗೆ ಐದು ನಿಮಿಷದ ದಾರಿ. ಶ್ನೌಟ್ಸರ್ ಮತ್ತು ಪೂಡಲ್ ತಳಿಗಳು ಬೆರೆತ, ‘ಸ್ನೂಡಲ್’ ಎಂದು ಕರೆಯುವ ಹತ್ತು ತಿಂಗಳ ಗಂಡು ನಾಯಿಯೊಂದು ನಮ್ಮಲ್ಲಿದೆ. ಕೂದಲು ಉದುರುವುದಿಲ್ಲ, ಆರೈಕೆ ಸುಲಭ ಎಂದು ಹೇಳಿ ಕೊಟ್ಟಿದ್ದರು. ದಿನವೂ ಬ್ರಷ್ ಮಾಡುತ್ತೇನೆ, ವಾರಕ್ಕೊಮ್ಮೆ ನಮ್ಮದೇ ಶಾಂಪೂ ಹಾಕಿ ಮೀಯಿಸುತ್ತೇನೆ. ಆದರೂ ಎರಡು ತಿಂಗಳಿಂದ ಮೈಯೆಲ್ಲ ಗಂಟುಗಟ್ಟುತ್ತ ಬಂತು. ಕಳೆದ ವಾರ ನಾಯಿಗಳ ಕ್ಷೌರ ಮಾಡುವ ಅಂಗಡಿಯೊಂದಕ್ಕೆ ಒಯ್ದರೆ, ನಮ್ಮನ್ನು ಒಂದು ಮಾತೂ ಕೇಳದೆ ಚರ್ಮ ಕಾಣುವಂತೆ ಬೋಳಿಸಿ ಕಳುಹಿಸಿದರು. ಅಂದಿನಿಂದ ನಾಯಿ ಮೂಲೆ ಸೇರಿ ಕೂತಿದೆ. ನನ್ನಿಂದ ಎಲ್ಲಿ ತಪ್ಪಾಯಿತು?
– ಗೃಹಿಣಿ, ಕಾರವಾರ

ಉತ್ತರ: ನೀವು ದಿನವೂ ಬ್ರಷ್ ಮಾಡಿದ್ದೀರಿ ಎಂಬುದನ್ನು ಪೂರ್ತಿಯಾಗಿ ನಂಬುತ್ತೇನೆ. ಆದರೆ ಆ ಬ್ರಷ್ ಕೂದಲಿನ ಬುಡ ಮುಟ್ಟಿರಲಿಕ್ಕಿಲ್ಲ. ಈ ಮಿಶ್ರತಳಿಯ ನಾಯಿಗಳನ್ನು ಸಾಕಿದ ಹೆಚ್ಚಿನವರಿಗೆ ಆಗುವುದು ಇದೇ.

ಶ್ನೌಟ್ಸರ್ ಜರ್ಮನಿಯ ತಳಿ. ಗಡ್ಡ ಮೀಸೆ ಬೆಳೆದ ಮೂತಿಯಿಂದಲೇ ಅದಕ್ಕೆ ಆ ಹೆಸರು ಬಂದಿದೆ. ಅದರ ಮೈಮೇಲೆ ತಂತಿಯಂಥ ಒರಟು ಕೂದಲು, ಅದರಡಿಯಲ್ಲಿ ಮೆತ್ತನೆಯ ಒಳತುಪ್ಪಳ, ಹೀಗೆ ಎರಡು ಪದರಗಳಿವೆ. ಪೂಡಲ್ ಬೇಟೆಗಾರ ಹೊಡೆದ ಹಕ್ಕಿಯನ್ನು ನೀರಿನಿಂದ ಕಚ್ಚಿ ತರಲೆಂದು ಬೆಳೆಸಿದ ನಾಯಿ. ಅದಕ್ಕಿರುವುದು ಒಂದೇ ಪದರ, ಆದರೆ ಆ ಗುಂಗುರು ಕೂದಲು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಇರುತ್ತದೆ. ಎರಡೂ ಬೆರೆತಾಗ ಯಾವ ಮರಿಗೆ ಯಾವ ಪಾಲು ಬಂದೀತೆಂದು ಮೊದಲೇ ಹೇಳಲಾಗದು. ಒಂದೇ ಸೂಲಿನ ಮರಿಗಳಲ್ಲಿ ಒಂದಕ್ಕೆ ಅಲೆಯಲೆಯಾದ ಕೂದಲು, ಇನ್ನೊಂದಕ್ಕೆ ಬಿಗಿ ಸುರುಳಿ ಬರಬಹುದು. ಉದುರುವುದಿಲ್ಲ ಎಂಬ ಮಾತೂ ಅರ್ಧ ಮಾತ್ರ ನಿಜ. ಎಲ್ಲ ನಾಯಿಗಳಂತೆ ಇದರ ಕೂದಲೂ ಸಾಯುತ್ತದೆ, ಬುಡ ಬಿಡುತ್ತದೆ. ಬೇರೆ ನಾಯಿಯದಾದರೆ ಆ ಕೂದಲು ಜಗಲಿಯ ಮೇಲೆ ಬಿದ್ದು ನಿಮ್ಮ ಕಸಬರಿಗೆಗೆ ಸಿಗುತ್ತಿತ್ತು. ಇಲ್ಲಿ ಅದು ಪಕ್ಕದ ಸುರುಳಿಗೆ ಸಿಕ್ಕಿಕೊಂಡು ಮೈಯಲ್ಲೇ ಉಳಿಯುತ್ತದೆ, ಉಳಿದದ್ದು ಹೊಸೆದುಕೊಂಡು ಗಂಟಾಗುತ್ತದೆ. ಅದಲ್ಲದೆ ನಿಮ್ಮ ನಾಯಿಗೆ ಹತ್ತು ತಿಂಗಳು. ಸುಮಾರು ಆರರಿಂದ ಹನ್ನೆರಡನೆಯ ತಿಂಗಳವರೆಗೆ ಮರಿಗೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುವ ಕಾಲ. ಇಡೀ ಆಯುಸ್ಸಿನಲ್ಲಿ ಗಂಟು ಅತಿ ಹೆಚ್ಚು ಕಟ್ಟುವುದು ಈ ತಿಂಗಳುಗಳಲ್ಲೇ.

ನಮ್ಮ ಮನೆಯಲ್ಲಿದ್ದ ಇಂಥದೇ ನಾಯಿಯ ಕಿವಿಯ ಹಿಂದೆ ಒಮ್ಮೆ ಹುಣಸೆಬೀಜದಷ್ಟು ಗಂಟೊಂದು ಕೈಗೆ ಸಿಕ್ಕಿತ್ತು. ನಾಳೆ ಬಿಡಿಸಿದರಾಯಿತೆಂದು ಬಿಟ್ಟೆ. ಮಳೆಯ ವಾರವದು, ಎಂಟು ದಿನ ಕಳೆದು ನೋಡಿದರೆ ಅಂಗೈಯಗಲದ ಕಂಬಳಿ ತುಂಡಿನಂತೆ ಆಗಿತ್ತು. ಕತ್ತರಿಸಿ ತೆಗೆದಾಗ ಅದರಡಿಯ ಚರ್ಮ ಕೆಂಪಾಗಿ, ಹಸಿಯಾಗಿ, ಒದ್ದೆ ಗೋಣಿಚೀಲದ ವಾಸನೆ ಬರುತ್ತಿತ್ತು. ಮೇಲಿನ ಕೂದಲು ಮಾತ್ರ ಅಷ್ಟೂ ದಿನ ನುಣುಪಾಗಿ, ನೋಡಲು ಚೆಂದವಾಗಿಯೇ ಇತ್ತು. ಆ ದಿನದಿಂದ ನಾನು ಕಣ್ಣನ್ನು ನಂಬುವುದನ್ನು ಬಿಟ್ಟು ಬಾಚಣಿಗೆಯನ್ನು ನಂಬುತ್ತ ಬಂದಿದ್ದೇನೆ.

ನಿಮಗೆ ಬೇಕಾಗುವುದು ಎರಡೇ ಸಲಕರಣೆ: ಸಣ್ಣ ಬಾಗಿದ ತಂತಿಗಳಿರುವ ಸ್ಲಿಕರ್ ಬ್ರಷ್, ಮತ್ತು ಒಂದು ತುದಿ ಅಗಲ ಹಲ್ಲು, ಇನ್ನೊಂದು ತುದಿ ಒತ್ತು ಹಲ್ಲು ಇರುವ ಸ್ಟೀಲ್ ಬಾಚಣಿಗೆ. ನಾಯಿಯನ್ನು ಒಂದು ಮಗ್ಗುಲಾಗಿ ಮಲಗಿಸಿ, ಎಡಗೈಯಿಂದ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿದು ಚರ್ಮದ ಬಿಳಿ ಬೈತಲೆ ಕಾಣುವಂತೆ ಮಾಡಿಕೊಳ್ಳಿ. ಆ ಬೈತಲೆಯಿಂದ ಸ್ವಲ್ಪ ಸ್ವಲ್ಪವೇ ಕೂದಲನ್ನು ಕೆಳಕ್ಕೆ ಬಿಡುತ್ತ ಬ್ರಷ್ ಮಾಡಿ, ಆಮೇಲೆ ಅದೇ ಜಾಗದಲ್ಲಿ ಬಾಚಣಿಗೆಯನ್ನು ಬುಡದಿಂದ ತುದಿಯವರೆಗೆ ಎಳೆಯಿರಿ. ಅದು ತಡೆಯಿಲ್ಲದೆ ಹಾದು ಬಂದರೆ ಮಾತ್ರ ಆ ಜಾಗ ಮುಗಿಯಿತು. ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಕೊರಳಪಟ್ಟಿಯ ಕೆಳಗೆ, ಬಾಲದ ಬುಡ, ಬೆರಳ ಸಂದುಗಳಲ್ಲಿ ಮೊದಲು ಹುಡುಕಿ. ಬ್ರಷ್ಷನ್ನು ಚರ್ಮಕ್ಕೆ ಉಜ್ಜಬಾರದು. ಅದರ ತಂತಿಗಳು ಗೀರುತ್ತವೆ.

ಗಂಟು ಸಿಕ್ಕರೆ ಅದರ ಬುಡವನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿಯಿರಿ. ಹಾಗೆ ಹಿಡಿದರೆ ಎಳೆತ ಚರ್ಮಕ್ಕೆ ತಾಗುವುದಿಲ್ಲ. ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ತುದಿಯಿಂದ ಶುರುಮಾಡಿ ಬುಡದ ಕಡೆಗೆ ಬಿಡಿಸುತ್ತ ಬನ್ನಿ. ಬಿಡದ ಗಂಟಿಗೆ ಕತ್ತರಿಯನ್ನು ನೇರವಾಗಿ ತೂರಿಸಲೇಬೇಡಿ. ನಾಯಿಯ ಚರ್ಮ ತೆಳು, ಅದು ಗಂಟಿನೊಳಕ್ಕೆ ಎಳೆದುಕೊಂಡಿರುತ್ತದೆ. ಹೀಗೆ ಕತ್ತರಿ ಹಾಕಿ ಚರ್ಮವನ್ನೇ ಕತ್ತರಿಸಿಕೊಂಡು ಹೊಲಿಗೆ ಹಾಕಿಸಲು ಬಂದವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಬಾಚಣಿಗೆಯನ್ನು ಚರ್ಮಕ್ಕೂ ಗಂಟಿಗೂ ನಡುವೆ ತೂರಿಸಿ, ಬಾಚಣಿಗೆಯ ಮೇಲ್ಭಾಗದಲ್ಲಿ ಕತ್ತರಿಸಿ.

ಇನ್ನು ಸ್ನಾನ. ಗಂಟಿರುವ ಕೂದಲಿಗೆ ನೀರು ಬಿದ್ದರೆ ಅದು ಒಣಗುವಾಗ ಇನ್ನೂ ಬಿಗಿಯಾಗುತ್ತದೆ. ಆದ್ದರಿಂದ ಪೂರ್ತಿ ಬಾಚಿದ ಮೇಲೆಯೇ ಮೀಯಿಸಬೇಕು. ವಾರವಾರವೂ ಬೇಡ, ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ನಮ್ಮ ಚರ್ಮ ತುಸು ಆಮ್ಲೀಯವಾದದ್ದು, ನಾಯಿಯದು ಹೆಚ್ಚುಕಡಿಮೆ ತಟಸ್ಥ. ನಮಗಾಗಿ ಮಾಡಿದ ಶಾಂಪೂ ಅದರ ಚರ್ಮವನ್ನು ಒಣಗಿಸಿ ತುರಿಕೆ ತರುತ್ತದೆ, ಅದು ಕೆರೆದುಕೊಂಡಷ್ಟೂ ಗಂಟು ಹೆಚ್ಚುತ್ತದೆ. ನಾಯಿಗೆಂದೇ ಮಾಡಿದ ಶಾಂಪೂವನ್ನು ನೀರಲ್ಲಿ ಕದಡಿ ಹಾಕಿ, ನೊರೆಯ ಜಾರು ಪೂರ್ತಿ ಹೋಗುವವರೆಗೆ ತೊಳೆಯಿರಿ. ಕಡಲಲ್ಲಿ ಆಡಿ ಬಂದ ದಿನ ಶಾಂಪೂ ಬೇಕಿಲ್ಲ, ಆದರೆ ಸಿಹಿನೀರು ಹೊಯ್ದು ಉಪ್ಪು ಮರಳನ್ನು ಹೋಗಿಸಲೇಬೇಕು.

ಒಣಗಿಸುವುದರ ವಿಷಯದಲ್ಲಿ ನಮ್ಮ ಜಿಲ್ಲೆಯವರು ಬೇರೆ ಕಡೆಯವರಿಗಿಂತ ಹೆಚ್ಚು ಎಚ್ಚರವಾಗಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಹಗ್ಗದ ಮೇಲಿನ ಪಂಚೆಯೇ ಮೂರು ದಿನ ಒಣಗುವುದಿಲ್ಲ. ಅಂಥದರಲ್ಲಿ ಗುಂಗುರು ಕೂದಲಿನ ಬುಡ ತಾನಾಗಿ ಒಣಗೀತೆಂದು ಕಾಯುವುದು ಹಸಿ ಹುಣ್ಣನ್ನು ಕರೆದು ತಂದಂತೆ. ಟವೆಲ್ಲಿನಿಂದ ಉಜ್ಜದೆ ಒತ್ತಿ ಒತ್ತಿ ನೀರು ಹೀರಿಸಿ, ಹೇರ್ ಡ್ರೈಯರನ್ನು ಕಡಿಮೆ ಬಿಸಿಗಿಟ್ಟು, ಗಾಳಿ ಬೀಳುವಲ್ಲೇ ಬ್ರಷ್ ಮಾಡುತ್ತ, ಬೆರಳಿಟ್ಟರೆ ಬುಡ ಒಣಗಿದ್ದು ತಿಳಿಯುವವರೆಗೆ ಒಣಗಿಸಿ.

ಬೋಳಿಸಿದ್ದರ ಬಗ್ಗೆ ನನ್ನ ಅಭಿಪ್ರಾಯ ಎರಡು ಬಗೆಯದು. ಗಂಟು ಇಡೀ ಮೈಗೆ ಹಾಳೆಯಂತೆ ಹಬ್ಬಿದ್ದರೆ ಗಂಟೆಗಟ್ಟಲೆ ಎಳೆದು ನೋಯಿಸುವುದಕ್ಕಿಂತ ಬೋಳಿಸುವುದೇ ಕರುಣೆಯ ಕೆಲಸ. ಆದರೆ ನಿಮ್ಮನ್ನು ಕೇಳದೆ ಮಾಡಿದ್ದು ಸರಿಯಲ್ಲ. ನಾಯಿ ಮೈಯ ಬಿಸಿಯನ್ನು ಕಳೆಯುವುದು ಮುಖ್ಯವಾಗಿ ಏದುಸಿರಿನಿಂದ. ಬೋಳಿಸಿದರೆ ತಂಪಾಗುತ್ತದೆ ಎಂಬ ನಂಬಿಕೆಯಿಂದ ಚರ್ಮ ಕಾಣುವಷ್ಟು ಕತ್ತರಿಸಿದರೆ ಬಿಸಿಲಿಗೆ ಚರ್ಮ ಸುಡುತ್ತದೆ. ಒಂದೆರಡು ತಿಂಗಳು ನಡುಹಗಲಿನಲ್ಲಿ ದಂಡೆಗೆ ಒಯ್ಯಬೇಡಿ. ಕೂದಲು ಬೆಳೆಯತೊಡಗಿದಾಗಲೇ, ಅಂದರೆ ಈಗಿನಿಂದಲೇ, ಬಾಚಣಿಗೆಯ ಅಭ್ಯಾಸ ಮಾಡಿಸಿ. ಮುಂದೆ ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಹುಬ್ಬಳ್ಳಿಗೋ ಗೋವೆಗೋ ಪ್ರತಿ ಸಲ ಒಯ್ಯಲಾಗದವರು ಒಂದು ಒಳ್ಳೆಯ ಕ್ಲಿಪ್ಪರ್ ಕೊಳ್ಳುವುದು ಲೇಸು. ಅದರ 4ಎಫ್ ಬ್ಲೇಡ್ ಸುಮಾರು 9.5 ಮಿಲಿಮೀಟರ್ ಕೂದಲು ಉಳಿಸುತ್ತದೆ, ನಮ್ಮ ಮಳೆಗಾಲಕ್ಕೆ ಅದು ಹೊಂದುತ್ತದೆ. 10ನೇ ನಂಬರಿನದು ಉಳಿಸುವುದು 1.5 ಮಿಲಿಮೀಟರ್ ಮಾತ್ರ; ಮೈಗೆ ಅದನ್ನು ಹಾಕಬೇಡಿ. ನಡುನಡುವೆ ಬ್ಲೇಡನ್ನು ನಿಮ್ಮ ಮಣಿಕಟ್ಟಿಗೆ ತಾಗಿಸಿ ನೋಡಿ, ಬಿಸಿಯಾಗಿದ್ದರೆ ನಿಲ್ಲಿಸಿ.

ಪ್ರಶ್ನೆ: ಸಿರಸಿ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮ ಅಡಿಕೆ ತೋಟ. ಇದೇ ಜಾತಿಯ ಹೆಣ್ಣು ನಾಯಿ ದಿನವೂ ನನ್ನ ಜೊತೆ ತೋಟಕ್ಕೂ ಸೊಪ್ಪಿನ ಬೆಟ್ಟಕ್ಕೂ ಬರುತ್ತದೆ. ಮಳೆಗಾಲದಲ್ಲಿ ಇಂಬಳ (ಜಿಗಣೆ), ಮಳೆ ಕಳೆದರೆ ಉಣುಗು (ಉಣ್ಣೆ), ಜೊತೆಗೆ ಉತ್ತರಾಣಿ ಬೀಜ. ಕೂದಲು ಹೊಳೆಯಲೆಂದು ಅಮ್ಮ ಮೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ, ಅನ್ನಕ್ಕೂ ಬೆರೆಸುತ್ತಾರೆ. ಉಣುಗಿಗೆ ಸೀಮೆಎಣ್ಣೆ ಒರೆಸಲು ನೆರೆಯವರು ಹೇಳುತ್ತಿದ್ದಾರೆ.
– ಕೃಷಿಕ, ಸಿರಸಿ ತಾಲ್ಲೂಕು

ಉತ್ತರ: ಸೀಮೆಎಣ್ಣೆ ಖಂಡಿತ ಬೇಡ. ಅದು ಚರ್ಮವನ್ನು ಸುಡುತ್ತದೆ, ನಾಯಿ ನೆಕ್ಕಿಕೊಂಡರೆ ಹೊಟ್ಟೆಗೂ ಶ್ವಾಸಕೋಶಕ್ಕೂ ಅಪಾಯ. ಅಮ್ಮನವರ ಅಕ್ಕರೆ ಅರ್ಥವಾಗುತ್ತದೆ, ಆದರೆ ಎಣ್ಣೆ ಹಚ್ಚಿದ ಗುಂಗುರು ಕೂದಲಿಗೆ ತೋಟದ ಧೂಳೆಲ್ಲ ಅಂಟಿ ಗಂಟು ಬೇಗ ಕಟ್ಟುತ್ತದೆ. ಅನ್ನಕ್ಕೆ ಬೆರೆಸುವುದು ಅದಕ್ಕಿಂತ ಕೆಟ್ಟದ್ದು. ಚಿಕ್ಕ ಗಾತ್ರದ ಶ್ನೌಟ್ಸರ್ ತಳಿಗೆ ರಕ್ತದಲ್ಲಿ ಕೊಬ್ಬಿನಂಶ ಏರುವ, ಅದರಿಂದ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಪ್ರವೃತ್ತಿಯಿದೆ. ಮಿಶ್ರತಳಿಯ ಮರಿಗೂ ಅದು ಬಂದಿರಬಹುದು. ಊಟದ ಕೊಬ್ಬು ಮಿತವಾಗಿರಲಿ.

ತೋಟಕ್ಕೆ ಹೋಗುವ ನಾಯಿಗೆ ಉದ್ದ ಕೂದಲು ಬೇಡವೇ ಬೇಡ. ಕಾಲು, ಹೊಟ್ಟೆ, ಬೆರಳ ಸಂದುಗಳಲ್ಲಿ ಗಿಡ್ಡ ಮಾಡಿಸಿದರೆ ಉತ್ತರಾಣಿಯೂ ಹಿಡಿಯುವುದು ಕಡಿಮೆ, ಉಣುಗೂ ಕಣ್ಣಿಗೆ ಬೀಳುತ್ತದೆ. ಮನೆಗೆ ಬಂದ ಕೂಡಲೇ ಅಂಗಳದಲ್ಲೇ ನಿಲ್ಲಿಸಿ ಒತ್ತು ಹಲ್ಲಿನ ಬಾಚಣಿಗೆ ಆಡಿಸಿ, ಕಿವಿಯೊಳಗೆ, ಬಾಲದಡಿ, ಬೆರಳ ನಡುವೆ ಕೈಯಾಡಿಸಿ. ಉಣುಗನ್ನು ಬರಿಗೈಯಲ್ಲಿ ಹಿಚುಕಬಾರದು. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು ಸ್ಪಿರಿಟ್ಟಿನಲ್ಲಿ ಹಾಕಿ. ಇಂಬಳಕ್ಕೆ ಚಿಟಿಕೆ ಉಪ್ಪು ಸಾಕು, ಗಾಯವನ್ನು ಆಮೇಲೆ ತೊಳೆಯಿರಿ.

ನಾಯಿಯ ಉಣುಗಿನಿಂದ ಎರ್ಲಿಕಿಯಾ, ಬಬೇಸಿಯಾ ಎಂಬ ರಕ್ತದ ಸೋಂಕುಗಳು ಬರುತ್ತವೆ. ಜ್ವರ, ಮಂಕು, ಒಸಡು ಬಿಳಿಚಿಕೊಳ್ಳುವುದು ಕಂಡರೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಇದರ ಜೊತೆಗೆ ನಮ್ಮ ಘಟ್ಟದ ಮೇಲಿನವರು ಮಂಗನ ಕಾಯಿಲೆಯನ್ನು ಮರೆಯುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ಜ್ವರ ಹರಡುವುದು ಕಾಡಿನ ಉಣುಗಿನಿಂದ, ಹೆಚ್ಚಾಗಿ ಮಳೆ ಕಳೆದ ಮೇಲಿನ ಒಣ ತಿಂಗಳುಗಳಲ್ಲಿ. ಬೆಟ್ಟ ಸುತ್ತಿದ ನಾಯಿ ತನ್ನ ತುಪ್ಪಳದಲ್ಲಿ ಆ ಉಣುಗನ್ನು ಜಗಲಿಗೆ ಹೊತ್ತು ತರಬಲ್ಲದು. ಉಣುಗು ಹತ್ತದಂತೆ ನಿಮ್ಮ ಕೈಕಾಲಿಗೆ ಹಚ್ಚಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ನಾಯಿಗೆ ಹಚ್ಚಬೇಡಿ, ಅದು ನೆಕ್ಕಿಕೊಳ್ಳುತ್ತದೆ. ಕತ್ತಿನ ಮೇಲೆ ಹನಿಸುವ ಔಷಧಿಗಳಿವೆ. ಆದರೆ ದಿನವೂ ನೆನೆಯುವ ನಾಯಿಯಲ್ಲಿ ಅವು ತೊಳೆದುಹೋಗುವ ಸಂಭವ ಹೆಚ್ಚು, ಮತ್ತು ಪರ್ಮೆಥ್ರಿನ್ ಇರುವಂಥದು ಮನೆಯ ಬೆಕ್ಕಿಗೆ ವಿಷ. ಆದ್ದರಿಂದ ಫ್ಲುರಲಾನರ್, ಅಫೋಕ್ಸೊಲಾನರ್ ಮೊದಲಾದ ಮದ್ದಿರುವ ಮಾತ್ರೆಗಳನ್ನು ನಾನು ಹೆಚ್ಚು ಮೆಚ್ಚುತ್ತೇನೆ. ನಾಯಿಯ ತೂಕ ನೋಡಿಸಿ, ಹಿಂದೆ ಅಪಸ್ಮಾರ ಬಂದಿದ್ದರೆ ಮರೆಯದೆ ತಿಳಿಸಿ, ವೈದ್ಯರಿಂದಲೇ ಬರೆಸಿಕೊಳ್ಳಿ.

ಪ್ರಶ್ನೆ: ಮಗಳಿಗೆ ಉಬ್ಬಸವಿದೆ. ಈ ತಳಿಯಿಂದ ಅಲರ್ಜಿ ಬರುವುದಿಲ್ಲ ಎನ್ನುತ್ತಾರೆ. ತರಬಹುದೇ?
– ಶಿಕ್ಷಕ, ಕುಮಟಾ

ಉತ್ತರ: ಅಲರ್ಜಿ ತರಿಸುವ ಪ್ರೋಟೀನುಗಳು ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುತ್ತವೆ. ಪೂರ್ತಿ ಅಲರ್ಜಿ ತರದ ತಳಿ ಎಂಬುದಿಲ್ಲ. ಮಗಳ ವೈದ್ಯರನ್ನು ಕೇಳಿ, ಇಂಥ ನಾಯಿ ಇರುವ ಮನೆಗೆ ಅವಳನ್ನು ಹಲವು ಸಲ ಕರೆದೊಯ್ದು ನೋಡಿ ನಿರ್ಧರಿಸಿ. ತಂದ ಮೇಲೆ ಹಿಂದಿರುಗಿಸಬೇಕಾಗಿ ಬಂದರೆ ಮಗುವಿಗೂ ನಾಯಿಗೂ ನೋವು.

ಪ್ರಶ್ನೆ: ನಮ್ಮ ಮೂರು ವರ್ಷದ ಸ್ನೂಡಲ್‌ನ ಗಡ್ಡ ಕೆಂಚಾಗಿ ವಾಸನೆ ಬರುತ್ತಿದೆ, ಒಂದು ಕಿವಿಯೂ ಹುಳಿ ನಾರುತ್ತದೆ. ಬಾಚಣಿಗೆ ಕಂಡರೆ ಕಚ್ಚಲು ಬರುತ್ತದೆ.
– ಓದುಗರು, ಹೊನ್ನಾವರ

ಉತ್ತರ: ಮೊದಲು ಕಿವಿ. ಜೋತ ಕಿವಿ, ಒಳಗೆಲ್ಲ ಕೂದಲು, ಮೇಲೆ ಕರಾವಳಿಯ ತೇವ ಇವು ಸೇರಿದಲ್ಲಿ ಶಿಲೀಂಧ್ರ ಸುಲಭವಾಗಿ ಬೆಳೆಯುತ್ತದೆ. ಹುಳಿ ವಾಸನೆ ಬಂದಿದೆಯೆಂದರೆ ಇನ್ನು ಮನೆಮದ್ದಿನ ಮಾತಿಲ್ಲ; ಎಣ್ಣೆ ಬಿಡುವುದು, ಹತ್ತಿಕಡ್ಡಿ ತೂರಿಸುವುದು ಬೇಡ, ವೈದ್ಯರು ಒಳಗೆ ನೋಡಿಯೇ ಔಷಧಿ ಕೊಡಬೇಕು. ಕಿವಿಯೊಳಗಿನ ಕೂದಲು ಕೀಳುವ ರೂಢಿ ಕೆಲವೆಡೆ ಇದೆ. ಆರೋಗ್ಯವಾಗಿರುವ ಕಿವಿಯನ್ನು ಹಾಗೆ ಕಿತ್ತು ಕೆರಳಿಸುವುದನ್ನು ನಾನು ಒಪ್ಪುವುದಿಲ್ಲ.

ಗಡ್ಡದ ಕೆಂಚು ಜೊಲ್ಲಿನಲ್ಲಿರುವ ಪೋರ್ಫಿರಿನ್ ಎಂಬ ವಸ್ತುವಿನಿಂದ ಬರುವುದು, ತೇವ ನಿಂತಷ್ಟೂ ಅದು ಗಾಢವಾಗುತ್ತದೆ. ಊಟ, ನೀರು ಆದ ಮೇಲೆ ಪ್ರತಿ ಸಲ ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಹೀರಿಸಿ, ಬಾಚಿ. ಒರೆಸಲು ಪುರುಸೊತ್ತಿಲ್ಲದ ಮನೆಯಲ್ಲಿ ಗಡ್ಡವನ್ನು ಗಿಡ್ಡ ಮಾಡುವುದೇ ಸರಿ.

ಕಚ್ಚಲು ಬರುವುದು ನೋವಿನ ನೆನಪಿನಿಂದ, ಆದ್ದರಿಂದ ಗದರಿಸಬೇಡಿ. ಕಿವಿ ವಾಸಿಯಾಗುವವರೆಗೆ ತಲೆಯ ಭಾಗವನ್ನು ಬಿಟ್ಟುಬಿಡಿ. ಆಮೇಲೆ ಮೊದಲ ಮೂರು ದಿನ ಬಾಚಣಿಗೆಯನ್ನು ಪಕ್ಕದಲ್ಲಿ ಇಟ್ಟು ಬೇಯಿಸಿದ ಕೋಳಿಯ ಚೂರೊಂದನ್ನು ಕೊಡಿ, ಅಷ್ಟೇ. ನಾಲ್ಕನೆಯ ದಿನ ಬಾಚಣಿಗೆಯ ಬೆನ್ನನ್ನು ನಾಯಿಯ ಬೆನ್ನಿಗೆ ತಾಗಿಸಿ ಒಂದು ಚೂರು, ಅದು ಸುಮ್ಮನಿದ್ದರೆ ಮರುದಿನ ಹಲ್ಲಿನ ಕಡೆಯಿಂದ ಎರಡೇ ಎಳೆತ, ಮತ್ತೊಂದು ಚೂರು. ಹೀಗೆ ಭುಜದವರೆಗೆ ಬಂದು, ಕೊನೆಗೆ ಗಡ್ಡ. ದಿನಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಬೇಡ, ನಾಯಿ ಮುಖ ತಿರುಗಿಸುವ ಮೊದಲೇ ನೀವು ನಿಲ್ಲಿಸಿ.